ಬೋರಮಾಳ ಹಾಕಿಕೊಂಡು ಕಚೇರಿಗೆ

ಸೆಪ್ಟೆಂಬರ್ 14, ಶನಿವಾರ

ಈ ಡೈರಿ ಅತ್ತೆ ಕೊಟ್ಟಿದ್ದು. ಮೊದಲ ಪುಟಕ್ಕೆ ಅರಿಶಿನದ ಬೊಟ್ಟು ಇಟ್ಟು ಕೊಟ್ಟಿದ್ದಾರೆ. ಇಂಗ್ಲಿಷಿನಲ್ಲಿ ಬರೆದರೆ ನನ್ನ ಗಂಡ ಸುಮುಖ್ ಹೆಗಲ ಮೇಲಿಂದ ಇಣುಕಿ ಒಂದೇ ಉಸಿರಿಗೆ ಓದಿಬಿಡುತ್ತಾನೆ. ಕನ್ನಡವಾದರೆ ಅವನು ಅಕ್ಷರ ಕೂಡಿಸಿಕೊಳ್ಳುವಷ್ಟರಲ್ಲಿ ನಾನು ಮುಚ್ಚಿಡಬಹುದು. ನಾನೂ ತುಮಕೂರಿನ ಕಾನ್ವೆಂಟಿನವಳೇ, ಒತ್ತಕ್ಷರ ತಪ್ಪುತ್ತದೆ. ತಪ್ಪಲಿ. ಇಲ್ಲಿ ಯಾರೂ ಕೆಂಪು ಶಾಯಿಯಲ್ಲಿ ಗೀಟು ಹಾಕುವುದಿಲ್ಲ.

ಎಲ್ಲಿಂದ ಶುರು ಮಾಡಲಿ? ಎಲ್ಲವೂ ಬೆರಗು! ನಲ್ಲಿ ತಿರುಗಿಸಿದರೆ ಬಿಸಿನೀರು ಕಾಯಿಸುವ ಮೊದಲೇ ಕಾದಿರುತ್ತದೆ. ಅಂಗಡಿಯಲ್ಲಿ ಬ್ರೆಡ್ಡಿಗೇ ಒಂದು ಬೀದಿ. ನಿನ್ನೆ ಸಂಜೆ ಮಾಲ್‌ನಿಂದ ಹೊರಗೆ ಬಂದು ತಲೆ ಎತ್ತಿದರೆ ಕಾರು ನಿಲ್ಲಿಸುವ ಜಾಗದ ತುದಿಯಲ್ಲಿ ಇಡೀ ಹಿಮದ ಬೆಟ್ಟ ನಿಂತಿತ್ತು, ಗುಲಾಬಿ ಬಣ್ಣದಲ್ಲಿ. ನಾವು ಈ ದೇಶಕ್ಕೆ ಬಂದ ಮೂರು ದಿನದಿಂದಲೂ ಅದು ಅಲ್ಲೇ ಇತ್ತಂತೆ, ಮೋಡದ ಹಿಂದೆ. ಅಷ್ಟು ದೊಡ್ಡದು ಹೇಗೆ ಅಡಗಿ ಕೂರುತ್ತದೆ! ನಾನು ಟ್ರಾಲಿ ಹಿಡಿದುಕೊಂಡು ನಿಂತೇ ಬಿಟ್ಟೆ. ಸುಮುಖ್ ನನ್ನ ಫೋಟೋ ತೆಗೆದ, ಬೆಟ್ಟದ್ದಲ್ಲ. (ಇದನ್ನು ಅವನು ಓದಿದರೂ ಪರವಾಗಿಲ್ಲ.)

ಕ್ಯಾನ್ಯನ್ ಪಾರ್ಕ್‌ನಲ್ಲಿ ನಮ್ಮ ಬಾಡಿಗೆ ಮನೆ ಸಿಗಲು ಇನ್ನೂ ಒಂದು ವಾರ ಬೇಕು. ಅಲ್ಲಿಯವರೆಗೆ ಟಕ್ವಿಲಾದಲ್ಲಿ ಹೋಟೆಲು. ಸುಮುಖ್ ಆಫೀಸಿಗೆ ಹೋದ ಮೇಲೆ ನಾನು, ಕಿಟಕಿ, ಮತ್ತು ಎರಡು ಸೂಟ್‌ಕೇಸ್ ತುಂಬ ರೇಷ್ಮೆ ಸೀರೆ. ಯಾವಾಗ ಉಡುತ್ತೇನೋ ದೇವರಿಗೇ ಗೊತ್ತು.

ಇವತ್ತು ಹೋಟೆಲಿನ ಮೊಗಸಾಲೆಯಲ್ಲಿ ನಿಂತು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಟವೆಲ್ ಎಷ್ಟು ಮೆತ್ತಗಿದೆ ಗೊತ್ತಾ ಅಮ್ಮ, ದಿನಾ ಹೊಸದು ಕೊಡ್ತಾರೆ ಅಂತ ಹೇಳುತ್ತಿರುವಾಗ ಟವೆಲ್ಲುಗಳ ಗಾಡಿ ತಳ್ಳಿಕೊಂಡು ಬರುತ್ತಿದ್ದ ಹೆಂಗಸು ನಿಂತುಬಿಟ್ಟಳು. ಹೋಟೆಲಿನ ಬೂದು ಸಮವಸ್ತ್ರ, ಹಣೆಯ ಮೇಲೆ ತೆಳ್ಳಗೆ ವಿಭೂತಿ.

"ನೀವು ಕನ್ನಡದಾರೇನ್ರಿ?"

ನಾನು ಅಮ್ಮನ ಕಾಲ್ ಕಟ್ ಮಾಡಿಬಿಟ್ಟೆ. ಆಕೆಯ ಹೆಸರು ಶರಣವ್ವ, ಗದಗದ ಕಡೆಯವರು. ಕೆಳಗಿನ ಲಾಂಡ್ರಿಯಲ್ಲಿ ಕೆಲಸ. ಆ ಮೆತ್ತನೆಯ ಟವೆಲ್ ಮಡಿಚಿದವರೇ ಅವರು! ಮದುವೆಯಾಗಿ ಎಷ್ಟು ದಿನವಾಯಿತೆಂದು ಕೇಳಿದರು. ನಲವತ್ತು ದಿನ ಅಂದೆ. ಕೊರಳು ನೋಡಿದರು. ನಾನು ಎಲ್ಲ ಚಿನ್ನವನ್ನೂ ಬಿಚ್ಚಿ ಡಬ್ಬಿಯಲ್ಲಿ ಇಟ್ಟಿದ್ದೇನೆ, ಜೀನ್ಸಿಗೆ ಹೊಂದುವುದಿಲ್ಲ. ಅವರು ಎರಡು ಟವೆಲ್ ಹೆಚ್ಚಿಗೆ ಕೊಟ್ಟು ಹೋದರು.

ಸೆಪ್ಟೆಂಬರ್ 22, ಭಾನುವಾರ

ಮನೆ!!! ನಮ್ಮದೇ ಬೀಗದ ಕೈ!! ಹಾಲು ಉಕ್ಕಿಸಿದೆ, ಹೊಗೆಯ ಅಲಾರಂ ಕೂಗಿಕೊಂಡಿತು.

ಅಕ್ಟೋಬರ್ 19, ಶನಿವಾರ

ಒಬ್ಬಳೇ ಹೋಗಿ ಬಂದೆ! ಬಸ್ಸಿನಲ್ಲಿ ಲಿನ್‌ವುಡ್, ಅಲ್ಲಿಂದ ಹೊಸ ರೈಲು, ಊರನ್ನೆಲ್ಲ ದಾಟಿ ಟಕ್ವಿಲಾ. ಶರಣವ್ವಕ್ಕನ ಮನೆಗೆ. ಹೋಟೆಲು ಬಿಟ್ಟ ಮೇಲೂ ನಾವು ಫೋನಿನಲ್ಲಿ ಮಾತಾಡುತ್ತಲೇ ಇದ್ದೆವು. ಜೋಳದ ರೊಟ್ಟಿ ತಿನ್ನಲು ಬಾ ಎಂದು ಕರೆದಿದ್ದರು.

ಒಂದು ಕೋಣೆಯ ಮನೆ. ಹಾಸಿಗೆ ಗೋಡೆಗೆ ಒರಗಿಸಿದರೆ ಕೂರಲು ಜಾಗ. ಅವರ ಯಜಮಾನರು ಚನ್ನವೀರಣ್ಣ, ಊರಿನಲ್ಲಿ ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದರು. ಇಲ್ಲಿ ಗೋದಾಮುಗಳಿಗೆ ಆಳು ಕಳಿಸುವ ಕಂಪನಿಯೊಂದರಲ್ಲಿ ಹೆಸರು ಬರೆಸಿದ್ದಾರೆ. "ಮುಂಜಾನೆ ಮೆಸೇಜ್ ಬಂತು, ಸೋಮವಾರ. ಬರಲಿಲ್ಲ, ಆಯಿತವಾರ. ನಮ್ಮ ಕ್ಯಾಲೆಂಡರ್ ಇಷ್ಟ ನೋಡವಾ ತಂಗಿ," ಅಂತ ನಕ್ಕರು. ಈ ವಾರದಲ್ಲಿ ಮೂರು ಭಾನುವಾರ ಬಂದಿದ್ದವಂತೆ.

ಶರಣವ್ವಕ್ಕನ ಅಣ್ಣ ಪ್ರಶಾಂತ ಅನ್ನುವವರು ರೆಡ್ಮಂಡ್‌ನಲ್ಲಿದ್ದಾರೆ, ಇಲ್ಲಿಯ ಪ್ರಜೆ. ತಂಗಿ ಇನ್ನೂ ಕಾಲೇಜಿನಲ್ಲಿದ್ದಾಗ ಅವಳಿಗಾಗಿ ಅರ್ಜಿ ಹಾಕಿದ್ದರಂತೆ. ಗ್ರೀನ್ ಕಾರ್ಡ್ ಬರುವಷ್ಟರಲ್ಲಿ ಅವಳಿಗೆ ಮದುವೆಯಾಗಿ, ತಲೆಯಲ್ಲಿ ಬಿಳಿ ಕೂದಲು ಬಂದಿದೆ. ಸರ್ಕಾರ ಅಷ್ಟು ವರ್ಷ ಒಂದು ಅರ್ಜಿಯನ್ನು ಮರೆಯದೆ ಇಟ್ಟುಕೊಂಡಿರುತ್ತದಲ್ಲ!

ಇನ್ನೊಂದು ಸುದ್ದಿ. ಶರಣವ್ವಕ್ಕ ಬಸುರಿ! ಮದುವೆಯಾಗಿ ಎಷ್ಟೋ ವರ್ಷದ ಮೇಲೆ, ಗುಡಿ, ಡಾಕ್ಟರು, ಹರಕೆ ಎಲ್ಲ ಮುಗಿದು, ಇನ್ನು ಇಲ್ಲವೆಂದು ಸುಮ್ಮನಾದ ಮೇಲೆ. ಅವರು ಹೇಳುವಾಗ ಚನ್ನವೀರಣ್ಣ ಎದ್ದು ಹೋಗಿ ತೊಳೆದಿಟ್ಟಿದ್ದ ತಟ್ಟೆಗಳನ್ನೇ ಮತ್ತೆ ತೊಳೆದರು.

ಊಟವಾದ ಮೇಲೆ ನಾವಿಬ್ಬರೂ ಅವರ ಮನೆಯ ಬೆಡ್‌ಶೀಟ್ ಮಡಿಚಿದೆವು. ಮೂಲೆ ಹಿಡಿದು ಎದುರುಬದುರು ನಿಂತು, ಮುಂದೆ ಬಂದು, ಕೈಗೆ ಕೈ ತಾಗಿಸಿ, ಹಿಂದೆ ಸರಿದು. ಲಾಂಡ್ರಿಯಲ್ಲಿ ಜೊತೆಗಾರ್ತಿ ರಜ ಹಾಕಿದ ದಿನ ಗದ್ದದ ಕೆಳಗೆ ಒತ್ತಿ ಹಿಡಿದು ಒಬ್ಬರೇ ಮಡಿಚುತ್ತಾರಂತೆ. ಮಾಡಿ ತೋರಿಸಿದರು. ನಾನು ಮಾಡಲು ಹೋಗಿ ಶೀಟಿನೊಳಗೆ ಮುಳುಗಿಹೋದೆ.

ನವೆಂಬರ್ 21, ಗುರುವಾರ

ಮಂಗಳವಾರದ ಬಿರುಗಾಳಿಗೆ ಮರಗಳು ತಂತಿಯ ಮೇಲೆ ಬಿದ್ದು ನಮ್ಮ ಕಡೆ ಇನ್ನೂ ಕರೆಂಟಿಲ್ಲ. ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು, ತಣ್ಣನೆಯ ಬ್ರೆಡ್ ತಿಂದುಕೊಂಡು, ಮೊದಲ ದಿನ ಹನಿಮೂನ್ ಥರ ಇತ್ತು. ಎರಡನೇ ದಿನ ನಾವು ಜಗಳವಾಡಿದೆವು. ಶರಣವ್ವಕ್ಕ ಫೋನ್ ಮಾಡಿ, ನಮ್ಮಲ್ಲಿ ಕರೆಂಟ್ ಐತಿ, ಇಬ್ಬರೂ ಬರ್ರಿ ಅಂದರು. ಇವತ್ತು ಇಡೀ ದಿನ ಅವರ ಒಂದು ಕೋಣೆಯಲ್ಲಿ ನಾಲ್ಕು ಜನ. ಸುಮುಖ್ ಅವರ ಊಟದ ಮೇಜಿನ ಮೇಲೇ ಆಫೀಸಿನ ಮೀಟಿಂಗ್ ಮಾಡಿದ. ಹಿಂದೆ ರೊಟ್ಟಿ ತಟ್ಟುವ ಸದ್ದು ಕೇಳಿ ಅವನ ಮ್ಯಾನೇಜರ್, ಮನೆಯಲ್ಲಿ ಯಾರೋ ತಬಲಾ ನುಡಿಸುತ್ತಿದ್ದಾರಾ ಎಂದು ಕೇಳಿದನಂತೆ.

ಈಗ ಬರೆಯಬೇಕಾದದ್ದನ್ನು ಬರೆಯುತ್ತೇನೆ.

ಮಧ್ಯಾಹ್ನ ನಾನು ಬಹಳ ಖುಷಿಯಲ್ಲಿ, ಅಕ್ಕಾ ಸ್ಕ್ಯಾನ್ ಫೋಟೋ ತೋರಿಸಿ, ನಾನು ಇನ್ನೂ ಯಾರದ್ದೂ ಹತ್ತಿರದಿಂದ ನೋಡಿಲ್ಲ ಅಂದೆ. ನನ್ನ ಗೆಳತಿಯರೆಲ್ಲ ಫ್ರೇಮ್ ಹಾಕಿ ಇನ್‌ಸ್ಟಾಗ್ರಾಮ್‌ನಲ್ಲಿ ಹಾಕುತ್ತಾರಲ್ಲ. ಶರಣವ್ವಕ್ಕ ರೊಟ್ಟಿ ತಿರುವಿ ಹಾಕಿದರು. ಚನ್ನವೀರಣ್ಣ ನೆಲ ನೋಡಿದರು. ಫೋಟೋ ಇಲ್ಲ. ಸ್ಕ್ಯಾನೂ ಇಲ್ಲ. ಆರನೇ ತಿಂಗಳು, ಇನ್ನೂ ಒಮ್ಮೆಯೂ ಡಾಕ್ಟರ ಹತ್ತಿರ ಹೋಗಿಲ್ಲ.

ಹೋಟೆಲಿನಲ್ಲಿ ಪೂರ್ತಿ ಹೊತ್ತಿನ ಕೆಲಸವಲ್ಲ, ಹಾಗಾಗಿ ಇನ್ಶೂರೆನ್ಸ್ ಇಲ್ಲ. ಗೋದಾಮಿನ ಕೆಲಸಕ್ಕೂ ಇಲ್ಲ. ಇಬ್ಬರೂ ದುಡಿಯುತ್ತಾರೆ, ಎದ್ದಾಗಿನಿಂದ ಮಲಗುವ ತನಕ. ನಾನು ಸುಲಭವಾಗಿ, ಸರ್ಕಾರದ್ದು ಏನಾದರೂ ಇರುತ್ತಲ್ಲ ಅಕ್ಕಾ, ಅರ್ಜಿ ಹಾಕೋಣ ಅಂದೆ. ಅವರು ಒಲೆ ಆರಿಸಿ ನನ್ನ ಕಡೆ ತಿರುಗಿದರು.

"ನಮ್ಮಣ್ಣ ಸಹಿ ಮಾಡ್ಯಾನವಾ. ನಾವು ಸರ್ಕಾರಕ್ಕ ಭಾರ ಆದ್ವಿ ಅಂದ್ರ ಅದನ್ನ ತಾ ಕೊಡ್ತೀನಿ ಅಂತ. ನಾ ಇಲ್ಲೊಂದು ಹಾಲಿನ ಡಬ್ಬಿ ತಗೊಂಡ್ರೂ ಅಲ್ಲಿ ಅವನ ಮನಿಗೆ ಬಿಲ್ ಹೋಗ್ತದ. ಈಗ ಅವನ ಕೆಲಸಾನೂ ಹೋಗೇತಿ. ತವರಿಗೆ ಬಿಲ್ ಕಳಿಸೋ ಮಗಳಾಗಲೇನು ನಾನು?"

ಅಣ್ಣನಿಗೆ ಗೊತ್ತಿಲ್ಲ. ತಪಾಸಣೆ ಎಲ್ಲ ನಡೆಯುತ್ತಿದೆ, ಗೋದಾಮಿನವರೇ ಇನ್ಶೂರೆನ್ಸ್ ಕೊಟ್ಟಿದ್ದಾರೆ ಎಂದು ಹೇಳಿದ್ದಾರೆ. ನಮ್ಮವ್ವ ನನ್ನ ಹೆತ್ತಾಗ ಯಾವ ಸ್ಕ್ಯಾನ್ ಇತ್ತು ಎಂದು ನನ್ನನ್ನು ಸಮಾಧಾನ ಮಾಡಿದರು. ಆಮೇಲೆ ನಮಗೆಲ್ಲ ಬಡಿಸಿ ಕೂತಾಗ ಕಾಲು ಚಾಚಿದರು. ಪಾದ ಊದಿಕೊಂಡಿತ್ತು. ಚಪ್ಪಲಿಯ ಪಟ್ಟಿಯ ಗುರುತು ಅಚ್ಚು ಒತ್ತಿದ ಹಾಗೆ ಬಿದ್ದಿತ್ತು.

ನವೆಂಬರ್ 22, ಶುಕ್ರವಾರ

ಕರೆಂಟ್ ಬಂತು. ಫ್ರಿಜ್ಜು ಸದ್ದು ಮಾಡಿದ್ದಕ್ಕೆ ಸುಮುಖ್ ಕುಣಿದ. ನಾನು ಪಾದ ಊದುವುದರ ಬಗ್ಗೆ ಓದುತ್ತಾ ಕೂತಿದ್ದೆ.

ನವೆಂಬರ್ 26, ಮಂಗಳವಾರ

ಇವತ್ತು ನಡೆದದ್ದನ್ನು ಬರೆದಿಡದಿದ್ದರೆ ಮುಂದೆ ನಾನೇ ನಂಬುವುದಿಲ್ಲ.

ಟಕ್ವಿಲಾದ ಹತ್ತಿರ ಒಂದು ಸಮುದಾಯ ಕ್ಲಿನಿಕ್ ಇದೆ. ಸರ್ಕಾರದ ನೆರವಿಗೆ ಹೆಸರು ಬರೆಸಿಕೊಳ್ಳುವ ಮೇಜೂ ಅಲ್ಲೇ ಇದೆ. ಹೆಸರು ಹೇಳದೆ ಬರೀ ಒಂದು ಪ್ರಶ್ನೆ ಕೇಳೋಣ ಎಂದು ನಾನು ಶರಣವ್ವಕ್ಕನನ್ನು ಒಪ್ಪಿಸಿದ್ದೆ. ಅವರ ಊಟದ ವಿರಾಮದಲ್ಲಿ ಅವರನ್ನೂ ಕ್ಲಿನಿಕ್ಕನ್ನೂ ಒಂದೇ ಕಾಲ್‌ಗೆ ಸೇರಿಸಿದೆ. ಬಹಳ ಹೊತ್ತು ಸಂಗೀತ. ಆಮೇಲೆ ಒಬ್ಬ ಹೆಂಗಸು ಬಂದು, ಯಾವ ಭಾಷೆ ಎಂದು ಕೇಳಿದಳು. ನಾನು ಸುಮ್ಮನೆ, ತಮಾಷೆಗೆ ಎನ್ನುವ ಹಾಗೆ, ಕನ್ನಡ ಅಂದೆ. ಒಂದು ನಿಮಿಷ ಅಂದಳು. ನಿಜವಾಗಿ ಒಂದು ನಿಮಿಷವೂ ಆಗಲಿಲ್ಲ, ಎಲ್ಲಿಂದಲೋ ಗಂಡಸಿನ ದನಿ ಬಂತು: "ನಮಸ್ಕಾರ. ನಾನು ತಮ್ಮ ಕನ್ನಡ ಭಾಷಾಂತರಕಾರ. ತಾವು ಹೇಳಿದ್ದೆಲ್ಲವನ್ನೂ ಗೌಪ್ಯವಾಗಿ ಇರಿಸಲಾಗುವುದು."

ನನಗೆ ರೋಮಾಂಚನವಾಯಿತು. ಲಾಂಡ್ರಿಯ ಮೂಲೆಯಲ್ಲಿ ಡಬ್ಬಿ ಬಿಚ್ಚಿಕೊಂಡು ಕೂತಿರುವ ಒಬ್ಬ ಹೆಂಗಸು ಒಂದು ಪ್ರಶ್ನೆ ಕೇಳಬೇಕು ಅಂದಿದ್ದಕ್ಕೆ, ಅವಳ ಭಾಷೆಯ ಮನುಷ್ಯನನ್ನು ಎಲ್ಲಿಂದಲೋ ಹುಡುಕಿ ತಂದು ನಿಲ್ಲಿಸುತ್ತಾರೆ.

ಪ್ರಶ್ನೆಗೆ ಫೋನಿನಲ್ಲಿ ಉತ್ತರ ಸಿಗಲಿಲ್ಲ. ಕಾಗದ ನೋಡದೆ ಹೇಳಲಾಗದು, ಬಂದು ಕೇಳಿ, ಕೇಳಿದ ಮಾತ್ರಕ್ಕೆ ಅರ್ಜಿ ಹಾಕಿದಂತಲ್ಲ ಅಂದರು. ಶರಣವ್ವಕ್ಕ ಬರುವುದಿಲ್ಲ ಎಂದುಕೊಂಡೆ. ಆದರೆ ಕಾಲ್ ಮುಗಿದ ಮೇಲೆ ಅವರೇ ಹೇಳಿದರು, "ಇಷ್ಟು ಮರ್ಯಾದಿಲೆ ಕರದಾರ. ಹೋಗಲಿಲ್ಲಂದ್ರ ಛಲೋ ಕಾಣೂದಿಲ್ಲ."

ಡಿಸೆಂಬರ್ 4, ಬುಧವಾರ

ಬೆಳಿಗ್ಗೆ ನಾನು ಹಳೆಯ ಟೀ ಶರ್ಟ್, ಸವೆದ ಜೀನ್ಸ್ ಹುಡುಕಿ ಹಾಕಿಕೊಂಡೆ. ನಾವು ಸಾಮಾನ್ಯರು ಎಂದು ಕಾಣಬೇಕು ಎನ್ನುವುದು ನನ್ನ ಲೆಕ್ಕ. ಬಹಳ ಯೋಚನೆ ಮಾಡಿ ಕಿವಿಯ ಓಲೆಯನ್ನೂ ತೆಗೆದಿಟ್ಟಿದ್ದೆ.

ಶರಣವ್ವಕ್ಕ ಬಾಗಿಲು ತೆಗೆದರು. ಇಳಕಲ್ ಸೀರೆ, ಕಡುಗೆಂಪು ಸೆರಗು. ಕೈ ತುಂಬ ಹಸಿರು ಬಳೆ. ಕೊರಳಲ್ಲಿ ತಾಳಿ, ಅದರ ಮೇಲೆ ಬೋರೆಹಣ್ಣಿನಂಥ ಚಿನ್ನದ ಗುಂಡುಗಳ ಬೋರಮಾಳ ಸರ, ಎದೆಯ ತನಕ. ಸೀರೆಯ ಮೇಲೆ ಚಳಿಗೆ ಹೋಟೆಲಿನ ಬೂದು ಜಾಕೆಟ್, ಗುಂಡಿ ಹಾಕದೆ, ಸರ ಕಾಣುವ ಹಾಗೆ.

ಬಡವರಿಗೆ ಕೊಡುವ ನೆರವು ಕೇಳಲು ಇಷ್ಟು ಚಿನ್ನ ಹೇರಿಕೊಂಡು ಹೋದರೆ ಬಾಗಿಲಿನಿಂದಲೇ ವಾಪಸ್ ಕಳಿಸುತ್ತಾರೆ. ಮೆಲ್ಲಗೆ, ಅಕ್ಕಾ, ಸರ ಒಂದು ತೆಗೆದಿಡೋಣ್ವಾ, ಅವರು ಏನಂದ್ಕೋತಾರೋ ಅಂದೆ.

"ಏನಂದ್ಕೋತಾರ? ಕಳವು ಮಾಡಿದ್ದಲ್ಲ, ನಮ್ಮತ್ತಿ ಹಾಕಿದ್ದು. ಬಸುರಿ ಹೆಂಗಸು, ಬರೇ ಕೊರಳಿಲೆ ಸಾಹೇಬರ ಮುಂದ ಹೋಗಿ ಹೆಂಗ ನಿಂದ್ರಲಿ? ಕೇಳಾಕ ಹೊಂಟೀನಂತ ಮೈಮ್ಯಾಲಿಂದು ಕಳೀಬೇಕೇನು?" ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀ ಯಾಕವಾ ಹಿಂಗ ಬಂದೀ? ಸುಮುಖಪ್ಪ ಬೈದನೇನು?"

ಬಸ್ಸಿನಲ್ಲಿ ಎಲ್ಲರೂ ನೋಡಿದರು. ಕ್ಲಿನಿಕ್ಕಿನಲ್ಲಿ ಎಲ್ಲರೂ ನೋಡಿದರು. ಹೆಸರು ಬರೆಸುವ ಮೇಜಿನ ಮುಂದೆ ನಾನು ಅವರಿಂದ ಒಂದು ಕುರ್ಚಿ ಬಿಟ್ಟು ಕೂತೆ. ಮಧ್ಯದ ಕುರ್ಚಿಯಲ್ಲಿ ನನ್ನ ಬ್ಯಾಗು ಇಟ್ಟೆ.

ಮೇಜಿನ ಹಿಂದೆ ಇದ್ದವಳು ಫಾದುಮೊ, ಸೊಮಾಲಿ ಹೆಂಗಸು, ಅಮ್ಮನ ವಯಸ್ಸು, ತಲೆಗೆ ನೇರಳೆ ಬಣ್ಣದ ಹಿಜಾಬ್. ಫೋನಿನಲ್ಲಿ ಕನ್ನಡದ ದನಿ ಬಂತು, ಈ ಸಲ ಬೇರೆಯವರು. "ತಾವು ಗರ್ಭವತಿಯಾಗಿ ಎಷ್ಟು ವಾರಗಳು ಸಂದಿವೆ?" ಎಂದು ದನಿ ಕೇಳಿತು. ವಾರ ಯಾರು ಎಣಿಸ್ಯಾರ್ರಿ, ಆರು ಮುಗದು ಏಳರಾಗ ಬೀಳ್ತದ ಎಂದು ಶರಣವ್ವಕ್ಕ. ಫೋನಿನವರಿಗೆ ಅರ್ಥವಾಗಲಿಲ್ಲ. ಆಮೇಲೆ ನಾನು ಕನ್ನಡದಿಂದ ಕನ್ನಡಕ್ಕೆ ಅನುವಾದ ಮಾಡಿದೆ. ಫಾದುಮೊಗೆ ನಗು ತಡೆಯಲಾಗಲಿಲ್ಲ.

ಹೆಸರು ಬರೆಸುವ ಮೊದಲೇ ಶರಣವ್ವಕ್ಕ ಅಣ್ಣನ ಮಾತು ಎತ್ತಿದರು. ಫಾದುಮೊ ಕಾಗದಗಳನ್ನು ಪೂರ್ತಿ ನೋಡಿದಳು. ಆಮೇಲೆ ಪೆನ್ನು ಕೆಳಗಿಟ್ಟು ಹೇಳಿದಳು: ಸಹಿ ಹಾಕಿದವರಿಂದ ಹಣ ಕೇಳುವ ನೆರವುಗಳೂ ಇವೆ, ನೀವು ಹೆದರಿದ್ದು ಸುಳ್ಳಲ್ಲ. ಆದರೆ ಬಸುರಿಗೆ ಕೊಡುವ ಚಿಕಿತ್ಸೆ, ತಾಯಿಗೆ ಕೊಡುವ ಆಹಾರದ ಕಾರ್ಡ್, ಇವಕ್ಕೆ ನಿಮ್ಮ ಅಣ್ಣನನ್ನು ಯಾರೂ ಕೇಳುವುದಿಲ್ಲ. ಶರಣವ್ವಕ್ಕ ಅದನ್ನು ಇನ್ನೊಮ್ಮೆ ಹೇಳಿಸಿದರು. ಮತ್ತೆ ಫೋನಿನವರ ಬಾಯಲ್ಲಿ ಹೇಳಿಸಿದರು. ಕೊನೆಗೆ, ನೀವು ನಿಮ್ಮ ತಂಗಿಗೂ ಹಿಂಗ ಹೇಳ್ತಿದ್ರೇನ್ರಿ ಎಂದು ಕೇಳಿದರು. ಫೋನಿನ ದನಿ ಅದನ್ನು ಇಂಗ್ಲಿಷಿಗೆ ತಂದಿತು. ಫಾದುಮೊ, ಹೇಳಿದ್ದೇನೆ ಅಂದಳು.

ಅಷ್ಟಾದರೂ ನನ್ನ ಕಣ್ಣು ಬೋರಮಾಳದ ಮೇಲೇ. ಫಾದುಮೊಳ ಕಣ್ಣೂ ಅಲ್ಲಿಗೆ ಹೋಯಿತು. ಈಗ ಕೇಳುತ್ತಾಳೆ ಎಂದುಕೊಂಡೆ. ಅವಳು ಸರ ನೋಡಿದಳು, ಆಮೇಲೆ ನನ್ನನ್ನು, ನಡುವಿನ ಕುರ್ಚಿಯ ಮೇಲಿದ್ದ ನನ್ನ ಬ್ಯಾಗನ್ನು ನೋಡಿದಳು. ತನ್ನ ತೋಳು ಸ್ವಲ್ಪ ಮೇಲೆ ಸರಿಸಿ ಮಣಿಕಟ್ಟಿನ ಚಿನ್ನದ ಬಳೆ ತೋರಿಸಿದಳು. ಈ ದೇಶಕ್ಕೆ ಬಂದ ಹೊಸದರಲ್ಲಿ ನನ್ನಮ್ಮ ಇಂಥದೇ ಒಂದು ಕಚೇರಿಗೆ ಮದುವೆಯ ಚಿನ್ನವನ್ನೆಲ್ಲ ಹಾಕಿಕೊಂಡು ಬಂದಿದ್ದಳು, ಇದು ಅವಳದೇ ಅಂದಳು. ನನಗೆ ಆಗ ನಿನ್ನಷ್ಟು ವಯಸ್ಸು, ನಾಚಿಕೆಯಾಗಿ ನಾನೂ ದೂರ ಕೂತಿದ್ದೆ ಅಂದಳು. ಬೈದ ಹಾಗಿರಲಿಲ್ಲ. ಹವಾಮಾನ ಹೇಳುವ ಹಾಗೆ ಹೇಳಿ ಮುಂದಿನ ಪ್ರಶ್ನೆಗೆ ಹೋದಳು.

ನಾನು ಬ್ಯಾಗು ತೆಗೆದು ನೆಲದ ಮೇಲೆ ಇಟ್ಟೆ.

ಹೆಸರು ಬರೆಸಿದ ಕೂಡಲೇ ಒಳಗೆ ಕಳಿಸಿದರು. ರಕ್ತದ ಒತ್ತಡ ಜಾಸ್ತಿ ಇದೆ. ನರ್ಸ್ ಎರಡನೇ ಸಲ ನೋಡಿ, ಡಾಕ್ಟರನ್ನು ಕರೆದಳು. ಡಾಕ್ಟರು ಮಾತ್ರೆ ಕೊಟ್ಟರು, ಇನ್ನು ಮೇಲೆ ಪ್ರತಿ ವಾರ ಬರಬೇಕೆಂದರು, ಇನ್ನೂ ತಡ ಮಾಡಿದ್ದರೆ ಎಂದು ಶುರು ಮಾಡಿ ಆ ವಾಕ್ಯ ಮುಗಿಸಲಿಲ್ಲ.

ಸ್ಕ್ಯಾನ್ ಮಾಡುವಾಗ ನನ್ನನ್ನೂ ಒಳಗೆ ಕರೆದರು. ಕತ್ತಲ ಕೋಣೆ. ಪರದೆಯಲ್ಲಿ ಮೊದಲು ಬರೀ ಮಂಜು. ಆಮೇಲೆ ಬೆನ್ನೆಲುಬು, ಮುತ್ತಿನ ಎಳೆಯಂತೆ. ಆಮೇಲೆ ಎದೆ ಬಡಿತದ ಸದ್ದು, ಎಷ್ಟು ಜೋರು, ಎಷ್ಟು ವೇಗ, ಕುದುರೆ ಓಡಿದ ಹಾಗೆ. ಶರಣವ್ವಕ್ಕ ಪರದೆ ನೋಡಲಿಲ್ಲ. ಕಣ್ಣು ಮುಚ್ಚಿ ಕೇಳಿಸಿಕೊಂಡರು. ಅವರ ಎದೆಯ ಮೇಲೆ ಬೋರಮಾಳ ಏರುತ್ತಿತ್ತು, ಇಳಿಯುತ್ತಿತ್ತು.

ಡಿಸೆಂಬರ್ 15, ಭಾನುವಾರ

ನೆರವಿನ ಕಾರ್ಡ್ ಹಿಡಿದು ಅಂಗಡಿಗೆ ಹೋದೆವು. ಹಾಲು, ಕಾಳು, ಹಣ್ಣು, ಸೊಪ್ಪು, ಕಂದು ಅಕ್ಕಿ, ಪೀನಟ್ ಬಟರ್. ಮೊಟ್ಟೆ ಮುಟ್ಟಲಿಲ್ಲ. ಜ್ವಾಳದ ಹಿಟ್ಟು ಇದರಾಗ ಬರೂದಿಲ್ಲೇನು ಎಂದು ಶರಣವ್ವಕ್ಕ ಬೇಸರ ಮಾಡಿಕೊಂಡರು.

ಹಣ ಕೊಡುವ ಜಾಗದಲ್ಲಿ ಹುಡುಗಿ ಒಂದೊಂದನ್ನೂ ಬೇರೆ ಮಾಡಿ ನೋಡುತ್ತಿದ್ದಳು. ಹಿಂದೆ ಸಾಲು ಬೆಳೆಯಿತು. ಯಾರೋ ನಿಟ್ಟುಸಿರು ಬಿಟ್ಟರು. ಶರಣವ್ವಕ್ಕ ತಿರುಗಿ ಅವರಿಗೆ ನಕ್ಕು, ಹೊಟ್ಟೆ ತೋರಿಸಿದರು. ನಿಟ್ಟುಸಿರು ಬಿಟ್ಟವರೇ ಚೀಲ ತುಂಬಲು ಬಂದರು.

ಜನವರಿ 5, ಭಾನುವಾರ

ಕುಬಸ! ನಮ್ಮ ಕಡೆ ಸೀಮಂತ ಅನ್ನುವುದಕ್ಕೆ ಅವರ ಕಡೆ ಕುಬಸ. ತವರಿನವರು ಹಸಿರು ಸೀರೆ, ಕುಬಸ ಅಂದರೆ ರವಿಕೆ, ಬುತ್ತಿ ತಂದು ಬಸುರಿಯ ಉಡಿ ತುಂಬಬೇಕು.

ತವರಿನವರು ಬಂದರು. ಪ್ರಶಾಂತ ಅಣ್ಣ ಮತ್ತು ಅವರ ಹೆಂಡತಿ ಅನುಶ್ರೀ. ಶರಣವ್ವಕ್ಕ ಕಳೆದ ವಾರವೇ ಅಣ್ಣನಿಗೆ ಎಲ್ಲ ಹೇಳಿದ್ದರು. ಆತ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಕಣ್ಣು ಕೆಂಪಗಿತ್ತು. ಸೀರೆಯ ಚೀಲ ಕೈಗೆ ಕೊಟ್ಟು, ಇಷ್ಟು ದಿನ ಸುಳ್ಳು ಹೇಳಿದಿ ನನಗ, ಬಿಲ್ ಬಂದ್ರ ಬರತಿತ್ತು, ಸಹಿ ಮಾಡಿದ್ದು ಮತ್ತ್ಯಾಕ ಎಂದು ಕೇಳಿದರು. ಶರಣವ್ವಕ್ಕ ತಕ್ಷಣ ಹೇಳಿದ್ದು: "ನಿನ್ನ ಕೆಲಸ ಹೋದದ್ದು ನೀ ನನಗ ಯಾವಾಗ ಹೇಳಿದಿ? ಅನುಶ್ರೀ ವೈನಿ ಬಾಯಿಲೆ ಗೊತ್ತಾತು." ಇಬ್ಬರೂ ಒಬ್ಬರನ್ನೊಬ್ಬರು ಉಳಿಸಲು ಹೋಗಿ, ಅರ್ಧ ಗಂಟೆಯ ದಾರಿಯಲ್ಲಿ ಇದ್ದುಕೊಂಡು, ಒಬ್ಬರಿಗೊಬ್ಬರು ಕಾಣದ ಹಾಗೆ ಬದುಕಿದ್ದರು.

ಊಟಕ್ಕೆ ಶೇಂಗಾ ಹೋಳಿಗೆ. ಎಲ್ಲರೂ ಹೊಗಳಿದ ಮೇಲೆ ಶರಣವ್ವಕ್ಕ ಗುಟ್ಟು ಬಿಟ್ಟರು. ಒಳಗಿನ ಹೂರಣ ಕಾರ್ಡಿನಲ್ಲಿ ಬಂದ ಪೀನಟ್ ಬಟರ್, ಬೆಲ್ಲ ಕೂಡಿಸಿದ್ದು! "ಸರ್ಕಾರದ ಬುತ್ತಿರೀ ಇದು. ಎರಡು ತವರು ಆದವು ನನಗ. ಒಂದು ಹೇಳದ ಕೊಡ್ತದ, ಒಂದು ಹತ್ತು ಕಾಗದ ಕೇಳಿ ಕೊಡ್ತದ." ಪ್ರಶಾಂತ ಅಣ್ಣ ಅಳುತ್ತಾ ನಕ್ಕರೋ ನಗುತ್ತಾ ಅತ್ತರೋ ತಿಳಿಯಲಿಲ್ಲ. ನಾಲ್ಕು ಹೋಳಿಗೆ ತಿಂದರು.

ಫಾದುಮೊಗೂ ಒಂದು ಡಬ್ಬಿ ಕಟ್ಟಿ ನನ್ನ ಕೈಗೆ ಕೊಟ್ಟಿದ್ದಾರೆ. ತಗೋಬಹುದೋ ಇಲ್ಲವೋ, ಅವರಿಗೆ ರೂಲ್ಸ್ ಇರುತ್ತೆ ಅಕ್ಕಾ ಅಂದೆ. ತಾಯಿಯ ಬಂಗಾರದ ಬಳಿ ಹಾಕ್ಕೊಂಡಾಳ, ತಿಂತಾಳ ತಗೋ ಅಂದರು.

(ಮೈಸೂರು ಸಿಲ್ಕ್ ಉಟ್ಟಿದ್ದೆ. ಸುಮುಖ್ ಫೋಟೋ ತೆಗೆದ. ನೋಡಲು ಮರೆತೆ.)

ಫೆಬ್ರವರಿ 12, ಬುಧವಾರ

ಬೆಳಿಗ್ಗೆ ವಾರದ ತಪಾಸಣೆಗೆ ನಾನೇ ಜೊತೆಗೆ ಹೋಗಿದ್ದೆ. ಒತ್ತಡ ಏರಿತ್ತು. ಕಣ್ಣು ಮಂಜಾಗ್ತದ ಎಂದು ಶರಣವ್ವಕ್ಕ ಹೇಳಿದ್ದಷ್ಟೇ, ನರ್ಸ್ ಓಡಿದಳು. ಆಂಬುಲೆನ್ಸ್‌ನಲ್ಲಿ ಆಸ್ಪತ್ರೆ. ಇವತ್ತೇ ಮಗುವನ್ನು ಹೊರಗೆ ತೆಗೆಯಬೇಕು, ಇನ್ನು ಕಾಯುವ ಹಾಗಿಲ್ಲ ಅಂದರು. ಚನ್ನವೀರಣ್ಣನಿಗೆ ಇವತ್ತು ಮೆಸೇಜ್ ಬಂದ ದಿನ, ಗೋದಾಮಿನಲ್ಲಿದ್ದರು. ಫೋನು ಎತ್ತುವಂತಿಲ್ಲ. ಸುಮುಖ್ ತಾನೇ ಕಾರಿನಲ್ಲಿ ಹೋಗಿ ಗೇಟಿನಲ್ಲಿ ನಿಂತು ಕೂಗಿ ಕರೆದುಕೊಂಡು ಬಂದ. ಬಂದವರಿಗೆ ನೀಲಿ ಬಟ್ಟೆ ಹಾಕಿಸಿ ಒಳಗೆ ಕರೆದೊಯ್ದರು. ಹೆದರಿ ಟೋಪಿಯನ್ನು ಹಿಂದುಮುಂದಾಗಿ ಹಾಕಿಕೊಂಡಿದ್ದರು.

ಅದಕ್ಕೂ ಮೊದಲು, ಮಂಚವನ್ನು ತಳ್ಳಿಕೊಂಡು ಹೋಗುವ ಮುಂಚೆ, ಮೈಮೇಲಿನ ಲೋಹವೆಲ್ಲ ತೆಗೆಯಬೇಕು ಎಂದು ನರ್ಸ್ ಹೇಳಿದಳು. ಹೆಸರು ಬರೆದ ಪ್ಲಾಸ್ಟಿಕ್ ಚೀಲ ಹಿಡಿದಳು. ಶರಣವ್ವಕ್ಕ ಬಳೆ, ಕಾಲುಂಗುರ ಬಿಚ್ಚಿ ಚೀಲಕ್ಕೆ ಹಾಕಿದರು. ತಾಳಿಯನ್ನು ಕಣ್ಣಿಗೊತ್ತಿಕೊಂಡು ಚೀಲಕ್ಕೆ ಹಾಕಿದರು. ಬೋರಮಾಳದ ಹಿಂದಿನ ಕೊಂಡಿ ಅವರ ಕೈಗೆ ಸಿಗಲಿಲ್ಲ, ನಾನು ತೆಗೆದೆ. ಅದನ್ನು ಚೀಲಕ್ಕೆ ಹಾಕಲು ಹೋದರೆ ನನ್ನ ಮಣಿಕಟ್ಟು ಹಿಡಿದರು.

"ಕೈಯಾಗ ಹಿಡೀಬ್ಯಾಡ. ಕೊರಳಾಗ ಹಾಕ್ಕೋ."

ಹಾಕಿಕೊಂಡೆ. ಬೂದು ಸ್ವೆಟ್‌ಶರ್ಟ್, ಮೇಲೆ ನನ್ನ ಹಳೆಯ ಕಾಲೇಜಿನ ಹೆಸರು, ಅದರ ಮೇಲೆ ಎದೆಯ ತನಕ ಚಿನ್ನದ ಗುಂಡುಗಳು. ಇನ್ನೂ ಅವರ ಮೈಯ ಬಿಸಿ ಇತ್ತು. ಎಷ್ಟು ಭಾರ! ಇಷ್ಟು ತಿಂಗಳು ಹೊರಗಿನಿಂದ ನೋಡಿದ್ದೆ, ಭಾರ ಗೊತ್ತಿರಲಿಲ್ಲ.

ಕಾಯುವ ಕೋಣೆಯಲ್ಲಿ ಕೂತೆ. ಎದುರಿನ ಹೆಂಗಸು ನನ್ನನ್ನೇ ನೋಡಿದಳು, ಪಕ್ಕದ ಮುದುಕ ನೋಡಿದ, ಪ್ರಶಾಂತ ಅಣ್ಣ ಓಡುತ್ತಾ ಬಂದವರು ಸರ ನೋಡಿ ಗೋಡೆ ಹಿಡಿದುಕೊಂಡರು. ತಂಗಿಗೆ ಏನೋ ಆಗಿದೆ ಎಂದುಕೊಂಡರೇನೋ. ಕಾಯಲು ಕೊಟ್ಟಿದ್ದಾರೆ ಅಣ್ಣಾ, ಬೇರೇನಿಲ್ಲ ಅಂದೆ. ನಾವು ಪಕ್ಕಪಕ್ಕದ ಕುರ್ಚಿಯಲ್ಲಿ ಕೂತೆವು. ಕಿಟಕಿಯ ಹೊರಗೆ ಬೆಟ್ಟ ಕಾಣುತ್ತಿತ್ತು. ಎಷ್ಟೋ ವಾರದ ಮೇಲೆ ಮೋಡ ತೆರೆದಿತ್ತು, ಎಲ್ಲರೂ ಎದ್ದು ಹೋಗಿ ನೋಡುತ್ತಿದ್ದರು. ನಾನು ಬಾಗಿಲನ್ನೇ ನೋಡುತ್ತಿದ್ದೆ.

ಚನ್ನವೀರಣ್ಣ ಹೊರಗೆ ಬಂದರು. ಎರಡು ಅಂಗೈ ಸೇರಿಸಿ ಬೊಗಸೆ ಮಾಡಿ ತೋರಿಸಿದರು. ಇಷ್ಟು. ಇಷ್ಟೇ ಇಷ್ಟು. ಹೆಣ್ಣು. ಅಳುತ್ತಿದೆಯಂತೆ, ಜೋರಾಗಿ.

ಸಂಜೆ ಒಬ್ಬೊಬ್ಬರನ್ನೇ ಒಳಗೆ ಬಿಟ್ಟರು. ಮಗು ಗಾಜಿನ ಪೆಟ್ಟಿಗೆಯಲ್ಲಿತ್ತು, ಸ್ವಲ್ಪ ದಿನ ಅಲ್ಲಿರಬೇಕು, ಉಸಿರು ಚೆನ್ನಾಗಿದೆ. ಶರಣವ್ವಕ್ಕ ಅರೆನಿದ್ದೆಯಲ್ಲಿದ್ದರು. ಆಸ್ಪತ್ರೆಯ ಬಿಳಿ ಹೊದಿಕೆಯ ಅಂಚನ್ನು ಬೆರಳಲ್ಲಿ ಹಿಡಿದು ನೋಡಿ, ಸರಿಯಾಗಿ ಮಡಿಚಿಲ್ಲ ಅಂದರು. ಅಲ್ಲಿಗೆ ನನಗೆ ಜೀವ ಬಂತು. ಸರ ಬಿಚ್ಚಲು ಕೊಂಡಿಗೆ ಕೈ ಹಾಕಿದೆ.

"ಇರಲಿ ಬಿಡು. ನಾಳೆ ಕೊಡುವಂತಿ. ಬರೇ ಕೊರಳಿಲೆ ಮನಿಗೆ ಹೋಗಬ್ಯಾಡ."

ಸುಮುಖ್ ಚನ್ನವೀರಣ್ಣನ ಜೊತೆ ಅಲ್ಲೇ ಉಳಿದ. ನಾನು ರೈಲಿನಲ್ಲಿ ಬಂದೆ, ಸರ ಸ್ವೆಟ್‌ಶರ್ಟಿನ ಹೊರಗೇ ಇತ್ತು. ಈಗ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಪುಟ ತಿರುಗಿಸಲು ಬಾಗಿದಾಗಲೆಲ್ಲ ಗುಂಡುಗಳು ಮೇಜಿಗೆ ತಾಗಿ ಸಣ್ಣಗೆ ಸದ್ದು ಮಾಡುತ್ತಿವೆ.